ಜಾಮರ್‌ನ ಗಡಿ ಎಲ್ಲಿದೆ? ಪಕ್ಕದ ಜೈಲಿನ ಅಧೀಕ್ಷಕರಿಗೆ ಊರಿನವರ ಬಹಿರಂಗ ಪತ್ರ

ಮಾನ್ಯ ಅಧೀಕ್ಷಕರಿಗೆ,

ನಮಸ್ಕಾರ. ನಾವು ನಿಮ್ಮ ಜೈಲಿನ ಹಿಂಬದಿಯ ಊರಿನವರು. ಈ ಪತ್ರದಲ್ಲಿ ಜೈಲಿನ ಹೆಸರನ್ನೂ ಹಾಕಿಲ್ಲ, ಊರಿನ ಹೆಸರನ್ನೂ ಹಾಕಿಲ್ಲ. ಹಾಕಿದರೆ ಮಾತು ಬೇರೆ ಕಡೆ ಹೋಗುತ್ತದೆ. ಆ ಸಾಹೇಬರು ಹಾಗಂತೆ, ಈ ಸಾಹೇಬರು ಹೀಗಂತೆ ಅಂತ ಶುರುವಾಗುತ್ತದೆ. ನಮಗೆ ಯಾರ ಮೇಲೂ ಹಗೆ ಇಲ್ಲ. ಪತ್ರ ಯಾರಿಗೆ ಅಂತ ನಿಮಗೆ ಗೊತ್ತಾಗುತ್ತದೆ. ಮಲೆನಾಡಿನಲ್ಲಿ ಜೈಲುಗಳು ಇರುವುದೇ ಕೆಲವು.

ನಾನು ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಬೆಳಗ್ಗೆ, ಸಂಜೆ ಎರಡು ಹೊತ್ತೂ ಜನ ಕ್ಯಾನ್ ಹಿಡಿದು ನನ್ನ ಮುಂದೆ ಸಾಲು ನಿಲ್ಲುತ್ತಾರೆ. ಹಾಲು ಅಳೆದು ಫ್ಯಾಟ್ ನೋಡುವಷ್ಟರಲ್ಲಿ ಊರಿನ ಕಷ್ಟ ಸುಖ ಎಲ್ಲ ಕಿವಿಗೆ ಬೀಳುತ್ತದೆ. ಈಚೆಗೆ ಎಲ್ಲರದ್ದೂ ಒಂದೇ ದೂರು. ಫೋನ್ ಹೋಗುತ್ತಿಲ್ಲ, ಬರುತ್ತಿಲ್ಲ. ಜೈಲಿನೊಳಗೆ ಮೊಬೈಲ್ ತಡೆಯಲು ನೀವು ಹಾಕಿರುವ ಜಾಮರ್ ಯಂತ್ರ ನಮ್ಮ ಫೋನನ್ನೂ ನಿಲ್ಲಿಸುತ್ತಿದೆ. ಊರಿನ ಹಿರಿಯರು ಸೇರಿ, ನೀನೇ ಬರಿ ಮಾರಾಯ, ನಿನಗೆ ಅರ್ಜಿ ಬರೆದು ಅಭ್ಯಾಸ ಇದೆಯಲ್ಲ ಅಂದರು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಜೈಲು ಇಲ್ಲಿ ಬೇಡ, ಎತ್ತಿಕೊಂಡು ಹೋಗಿ ಅಂತ ನಾವು ಕೇಳುತ್ತಿಲ್ಲ. ಜೈಲು ಎಲ್ಲೋ ಒಂದು ಕಡೆ ಇರಲೇಬೇಕು. ಶಿವಮೊಗ್ಗದಲ್ಲಿ ಹಳೇ ಜೈಲು ಪೇಟೆಯ ನಡುವೆಯೇ ಇತ್ತು. ಅದು ಊರ ಹೊರಗೆ ಹೋಯಿತು. ಆ ಜಾಗ ಈಗ ಸಭೆ, ಸಮಾರಂಭ ನಡೆಯುವ ಮೈದಾನ. ಅದಕ್ಕೆ ಅಲ್ಲಮಪ್ರಭುವಿನ ಹೆಸರಿಟ್ಟಿದ್ದಾರೆ. ಆದರೂ ಆ ಕಡೆಯ ರಸ್ತೆಗೆ ಜನ ಇವತ್ತಿಗೂ ಜೈಲ್ ರೋಡ್ ಅಂತಲೇ ಹೇಳುತ್ತಾರೆ. ಯಾರಿಗೂ ಬೇಜಾರಿಲ್ಲ. ಪೇಟೆ ಬೆಳೆದ ಹಾಗೆ ಜೈಲು ಹೊರಗೆ ಹೋಗುವುದು ಎಲ್ಲ ಕಡೆ ನಡೆದಿದೆ, ಅದು ಸರಿಯೇ. ಆದರೆ ಪೇಟೆಯ ಹೊರಗೆ ಅಂದರೆ ಅಲ್ಲಿ ಯಾರೂ ಇಲ್ಲ ಅಂತ ಅಲ್ಲವಲ್ಲ, ಸಾಹೇಬರೇ. ಅಲ್ಲಿ ನಾವಿದ್ದೇವೆ.

ಜೈಲಿನ ಪಕ್ಕ ಇರುವುದಕ್ಕೆ ಸಣ್ಣಪುಟ್ಟ ತೊಂದರೆ ಮೊದಲಿಂದ ಇದ್ದವು. ಗಂಡು ಹೆಣ್ಣು ನೋಡಲು ಬರುವವರು, ಓ ಆ ಜೈಲಿನ ಹತ್ತಿರವಾ ಅಂತ ಒಂದು ಸಲ ಮುಖ ನೋಡಿಕೊಳ್ಳುತ್ತಾರೆ. ರಾತ್ರಿ ಫ್ಲಡ್ ಲೈಟ್ ಬೆಳಕು ಹಿತ್ತಲಿಗೆ ಬೀಳುತ್ತದೆ. ಸೈರನ್ ಪರೀಕ್ಷೆ ಮಾಡಿದರೆ ಕೊಟ್ಟಿಗೆಯಲ್ಲಿ ದನ ಬೆಚ್ಚುತ್ತವೆ. ಇದನ್ನೆಲ್ಲ ನಾವು ಯಾವತ್ತೂ ದೂರು ಮಾಡಿದವರಲ್ಲ. ಬೆಳಕಿನಿಂದ ಹಂದಿ ಕಾಟ ಕಡಿಮೆ ಅಂತ ಖುಷಿಪಟ್ಟವರೂ ಇದ್ದಾರೆ. ನಿಮ್ಮ ಸಿಬ್ಬಂದಿಯ ಮನೆಗಳಿಗೆ ನಮ್ಮೂರಿನ ಹಾಲೇ ಹೋಗುತ್ತದೆ. ಅವರ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಶಾಲೆ.

ತೊಂದರೆ ಜಾಸ್ತಿಯಾಗಿದ್ದು ಹೊಸ ಜಾಮರ್ ಬಂದ ಮೇಲೆ. ಹಳೆಯದು ಇತ್ತೋ ಇಲ್ಲವೋ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಬಹುಶಃ ಒಳಗಿದ್ದವರಿಗೂ ಗೊತ್ತಾಗುತ್ತಿರಲಿಲ್ಲ! ಜೈಲಿನೊಳಗೆ ಮೊಬೈಲ್ ಸಿಕ್ಕಿತು ಅಂತ ಪತ್ರಿಕೆಯಲ್ಲಿ ಬರುವ ಸುದ್ದಿ ನಾವೂ ಓದುತ್ತೇವೆ. ಒಳಗೆ ಕೂತು ಸಾಕ್ಷಿಗಳಿಗೆ ಬೆದರಿಕೆ ಹಾಕುವುದು, ವ್ಯವಹಾರ ನಡೆಸುವುದು ನಿಲ್ಲಬೇಕು ಅನ್ನುವುದರಲ್ಲಿ ನಮಗೆ ಎರಡು ಮಾತಿಲ್ಲ. ಹೀಗೆ ಹೊರಗಿರುವ ನಮ್ಮ ಫೋನ್ ನಿಂತು ಹೋದದ್ದಕ್ಕಷ್ಟೇ ತಕರಾರು.

ಜಾಮರ್ ಅಂದರೆ ಫೋನ್ ಕದ್ದು ಕೇಳುವ ಯಂತ್ರ ಅಂತ ಊರಲ್ಲಿ ಕೆಲವರು ತಿಳಿದಿದ್ದರು. ಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ನಮ್ಮೂರ ಹುಡುಗ ಬಿಡಿಸಿ ಹೇಳಿದ. ಟವರ್ ಯಾವ ತರಂಗದಲ್ಲಿ ಫೋನಿನ ಜೊತೆ ಮಾತಾಡುತ್ತದೋ ಅದೇ ತರಂಗದಲ್ಲಿ ಜಾಮರ್ ಬರೀ ಗದ್ದಲ ಬಿಡುತ್ತದೆ. ಇಬ್ಬರು ಮಾತಾಡುವಾಗ ಪಕ್ಕದಲ್ಲಿ ನಿಂತು ಡೊಳ್ಳು ಬಾರಿಸಿದ ಹಾಗೆ. ಟವರಿನ ಮಾತು ಫೋನಿಗೆ ಕೇಳಿಸುವುದಿಲ್ಲ. ಫೋನ್ ಸುಮ್ನೆ ಟವರ್ ಹುಡುಕುತ್ತಾ ಹುಡುಕುತ್ತಾ ಬಿಸಿಯಾಗಿ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಮಧ್ಯಾಹ್ನದೊಳಗೆ ಫೋನ್ ಸತ್ತು ಹೋಗುತ್ತದೆ ಅಂತ ನಮ್ಮೂರಿನ ಹೆಂಗಸರು ಹೇಳುತ್ತಿದ್ದದ್ದು ಇದಕ್ಕೇ.

ಅವನು ಹೇಳಿದ ಇನ್ನೊಂದು ಮಾತನ್ನು ನೀವು ದಯವಿಟ್ಟು ಗಮನ ಕೊಟ್ಟು ಓದಬೇಕು. ಫೋನ್ ನಿಲ್ಲುವುದು ಜಾಮರ್ ಎಷ್ಟು ಜೋರಾಗಿದೆ ಅನ್ನುವುದರ ಮೇಲೆ ಮಾತ್ರ ಅಲ್ಲ. ಟವರಿನ ಸಿಗ್ನಲ್ ಅಲ್ಲಿ ಎಷ್ಟು ಗಟ್ಟಿಯಾಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಜೈಲು ದಿಣ್ಣೆಯ ಮೇಲಿದೆ, ಮುಖ್ಯ ರಸ್ತೆಯ ಕಡೆಗಿದೆ, ಟವರ್ ಎದುರಿಗೇ ಕಾಣುತ್ತದೆ. ಅಲ್ಲಿ ಸಿಗ್ನಲ್ ಗಟ್ಟಿ. ನಮ್ಮ ಮನೆಗಳು ಕೆಳಗೆ, ತೋಟದ ಅಂಚಿನಲ್ಲಿ, ಗುಡ್ಡದ ಮರೆಯಲ್ಲಿ. ಮೊದಲೇ ನಮಗೆ ಸಿಗುತ್ತಿದ್ದದ್ದು ಒಂದು ಕಡ್ಡಿ, ಹೆಚ್ಚೆಂದರೆ ಎರಡು. ಹಾಗಾಗಿ ಗೋಡೆ ದಾಟಿ ಬಂದ ಸ್ವಲ್ಪ ಗದ್ದಲವೂ ನಮ್ಮ ಫೋನ್ ಕೆಡಿಸಲು ಸಾಕು. ಅದೇ ಜಾಮರ್ ದಿಣ್ಣೆಯ ಮೇಲೆ ಟವರ್ ಎದುರಿಗಿರುವ ಫೋನನ್ನು ನಿಲ್ಲಿಸಲು ಒದ್ದಾಡಬೇಕು. ಅದಕ್ಕೆ ಪವರ್ ಏರಿಸುತ್ತಾರೆ. ಏರಿಸಿದಷ್ಟೂ ನಾವು ಮುಳುಗುತ್ತೇವೆ. ಅಂದರೆ ಯಾರನ್ನು ತಡೆಯಲು ಯಂತ್ರ ತಂದರೋ ಅವರಿಗೆ ಅರ್ಧ ತಡೆ, ಸಂಬಂಧವೇ ಇಲ್ಲದವರಿಗೆ ಪೂರ್ತಿ ತಡೆ. ಇದು ಸರಿಯಾ?

ಇದು ಜಾಮರಿನದ್ದೇ ಕೆಲಸ ಅಂತ ಹೇಗೆ ಹೇಳುತ್ತೀರಿ ಅಂತ ನಿಮ್ಮ ಕಚೇರಿಯಲ್ಲಿ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಾವು ನೋಡಿದ್ದನ್ನು ಹೇಳುತ್ತೇನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ನಿಮಗೆ ಗೊತ್ತೇ ಇದೆ. ಕರೆಂಟ್ ಹೋದ ಕೂಡಲೇ ಜೈಲಿನ ದೀಪ ಆರುತ್ತವೆ, ಜನರೇಟರ್ ಶುರುವಾಗುವವರೆಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಊರಿನ ಫೋನ್‌ಗಳೆಲ್ಲ ಒಟ್ಟಿಗೆ ಟಿಂಗ್ ಟಿಂಗ್ ಅನ್ನುತ್ತವೆ. ಬೆಳಗ್ಗಿನಿಂದ ಬಾಕಿ ಇದ್ದ ಮೆಸೇಜುಗಳೆಲ್ಲ ಬಂದು ಬೀಳುತ್ತವೆ. ಆ ಕಡೆ ಜನರೇಟರ್ ಸದ್ದು ಕೇಳಿತು ಅಂದರೆ ಈ ಕಡೆ ಟವರ್ ಹೋಯಿತು. ಲೋಕದಲ್ಲಿ ಎಲ್ಲರಿಗೂ ಕರೆಂಟ್ ಇದ್ದಾಗ ಫೋನ್ ಸಿಕ್ಕರೆ ನಮಗೆ ಮಾತ್ರ ಕರೆಂಟ್ ಹೋದಾಗ ಸಿಗುತ್ತದೆ. ಹುಡುಗರು ಅದನ್ನೇ ಕಾದು ಕೂತಿರುತ್ತಾರೆ, ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇಷ್ಟಕ್ಕೆಲ್ಲ ಇಷ್ಟು ದೊಡ್ಡ ಪತ್ರವಾ, ಸ್ವಲ್ಪ ದಿನ ಫೋನ್ ಇಲ್ಲದೆ ಇರಲಾಗದಾ ಅಂತ ಒಬ್ಬರು ಸಿಬ್ಬಂದಿ ಕೇಳಿದ್ದೂ ಉಂಟು. ಹತ್ತು ಹದಿನೈದು ವರ್ಷದ ಹಿಂದೆ ಆಗಿದ್ದರೆ ಇರುತ್ತಿದ್ದೆವು. ಈಗ ಸರ್ಕಾರವೇ ಎಲ್ಲವನ್ನೂ ಫೋನಿಗೆ ಕಟ್ಟಿದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು, ಯಂತ್ರಕ್ಕೆ ನೆಟ್ ಬೇಕು. ವಯಸ್ಸಾದವರು ಬೆಳಗ್ಗೆ ಬಂದು ಚೀಲ ಇಟ್ಟು ಕೂತರೆ ಮಧ್ಯಾಹ್ನವಾದರೂ ಸರ್ವರ್ ಇಲ್ಲ ಅನ್ನುವ ಉತ್ತರ. ಉದ್ಯೋಗ ಖಾತ್ರಿ ಕೆಲಸದ ಹಾಜರಿಗೆ ಸ್ಥಳದಲ್ಲೇ ಫೋಟೋ ತೆಗೆದು ಆ್ಯಪ್‌ಗೆ ಹಾಕಬೇಕು. ಬ್ಯಾಂಕಿನ ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ನನ್ನ ಡೇರಿಯಲ್ಲೂ ಅಷ್ಟೇ. ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು ಅನ್ನುವ ಲೆಕ್ಕ ಆನ್‌ಲೈನಿಗೆ ಹೋಗಬೇಕು. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಸಿಗಬೇಕಾದರೂ ಆ ಲೆಕ್ಕ ಸರಿಯಾಗಿ ಹೋಗಿರಬೇಕು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಬೈಕಿನಲ್ಲಿ ಬಸ್ ತಂಗುದಾಣದ ತಿರುವಿಗೆ ಹೋಗಿ ಕಳಿಸಿ ಬರುತ್ತೇನೆ. ಮಳೆಯಲ್ಲಿ ಅದೂ ಕಷ್ಟ.

ತೋಟದವರ ಕಷ್ಟ ಬೇರೆ ಥರ. ಅಡಿಕೆ ಮರ ಹತ್ತುವ ಕೊನೆಗೌಡರು ಈಗ ಎಲ್ಲಿದ್ದಾರೆ? ಇರುವ ನಾಲ್ಕು ಜನರಿಗೆ ನಲವತ್ತು ತೋಟದವರು ಫೋನ್ ಮಾಡುತ್ತಾರೆ. ಮಳೆ ಒಂದು ದಿನ ಬಿಡುವು ಕೊಟ್ಟಾಗ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಲು ನಾಳೆ ಬರುತ್ತೇನೆ ಅಂತ ಅವನು ಫೋನ್ ಮಾಡಿರುತ್ತಾನೆ. ಇಲ್ಲಿ ನಾಟ್ ರೀಚಬಲ್. ಅವನು ಕಾಯುತ್ತಾನಾ? ಬೇರೆ ತೋಟಕ್ಕೆ ಹೋಗುತ್ತಾನೆ. ಮತ್ತೆ ಅವನು ಸಿಗುವಷ್ಟರಲ್ಲಿ ಕೊಳೆ ಬಂದು ಕಾಯಿ ಉದುರಿರುತ್ತದೆ. ಅದರ ನಷ್ಟ ಯಾವ ಅರ್ಜಿಯಲ್ಲಿ ಬರೆಯುವುದು? ಮಂಡಿಯಲ್ಲಿ ರಾಶಿ ಅಡಿಕೆಗೆ ಎಷ್ಟು, ಬೆಟ್ಟೆ ಅಡಿಕೆಗೆ ಎಷ್ಟು ಅಂತ ಕೇಳಲೂ ಗುಡ್ಡ ಹತ್ತಬೇಕು.

ಇದೆಲ್ಲ ದುಡ್ಡಿನ ಮಾತಾಯಿತು. ಜೀವದ ಮಾತೂ ಇದೆ.

ಈ ಮಳೆಗಾಲದ ಶುರುವಿನಲ್ಲಿ ಸಂಜೆ ತೋಟದಲ್ಲಿ ಅಡಿಕೆ ಹಾಳೆ ಹೆಕ್ಕುತ್ತಿದ್ದವರೊಬ್ಬರಿಗೆ ಕೊಳಕುಮಂಡಲ ಹಾವು ಕಚ್ಚಿತು. ಮನೆಯವರು 108ಕ್ಕೆ ಒತ್ತಿದರು. ಹೋಗಲಿಲ್ಲ. 112ಕ್ಕೆ ಒತ್ತಿದರು. ತುರ್ತು ಕರೆ ಯಾವ ಕಂಪನಿಯ ಟವರ್ ಸಿಕ್ಕರೂ ಹೋಗುತ್ತದೆ ಅಂತ ಎಲ್ಲರೂ ತಿಳಿದಿದ್ದೇವೆ, ಅದು ನಿಜವೂ ಹೌದು. ಆದರೆ ಜಾಮರ್ ಎಲ್ಲ ಕಂಪನಿಗಳನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಕೊನೆಗೆ ಅವರ ಅಣ್ಣನ ಮಗ ಬೈಕ್ ಹತ್ತಿಕೊಂಡು ತಿರುವಿನವರೆಗೆ ಓಡಿದ. ಅಷ್ಟರಲ್ಲಿ ಪಕ್ಕದ ಮನೆಯವರು ತಮ್ಮ ಓಮ್ನಿಯಲ್ಲಿ ಅವರನ್ನು ಮಲಗಿಸಿಕೊಂಡು ಹೊರಟೇ ಬಿಟ್ಟಿದ್ದರು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮುಟ್ಟಿಸಿದರು, ವಿಷ ಇಳಿಸುವ ಇಂಜೆಕ್ಷನ್ ಸಿಕ್ಕಿತು, ಜೀವ ಉಳಿಯಿತು. ಇವತ್ತು ಅವರೇ ಈ ಪತ್ರಕ್ಕೆ ಮೊದಲು ಸಹಿ ಹಾಕಿದವರು. ಓಮ್ನಿ ಆ ದಿನ ಊರಲ್ಲಿ ಇರದಿದ್ದರೆ ಅನ್ನುವ ಮಾತನ್ನು ಅವರ ಮನೆಯಲ್ಲಿ ಯಾರೂ ಆಡುವುದಿಲ್ಲ.

ಇನ್ನು ಮಂಗನ ಕಾಯಿಲೆ. ಹೊರಗಿನಿಂದ ವರ್ಗವಾಗಿ ಬಂದ ಅಧಿಕಾರಿಗಳಿಗೆ ಇದರ ಗಂಭೀರತೆ ಬೇಗ ಅರ್ಥವಾಗುವುದಿಲ್ಲ, ಅದಕ್ಕೆ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಮೊದಲು ಗೊತ್ತಾಯಿತು, ಕ್ಯಾಸನೂರು ಕಾಡಿನ ರೋಗ ಅಂತ ಜಗತ್ತಿನ ಪುಸ್ತಕಗಳಲ್ಲೆಲ್ಲ ನಮ್ಮ ಜಿಲ್ಲೆಯ ಊರಿನ ಹೆಸರೇ ಇದೆ. ಉಣ್ಣೆಯಿಂದ, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಸಣ್ಣ ಹುಳದಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಇದರ ಕಾಟ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದು ಕಂಡರೆ ಕೂಡಲೇ ತಿಳಿಸಿ ಅಂತ ಆರೋಗ್ಯ ಇಲಾಖೆಯವರು ಪ್ರತಿ ವರ್ಷ ಡಂಗುರ ಸಾರಿಸುತ್ತಾರೆ. ತಡವಾದರೆ ಸತ್ತ ಮಂಗದ ಮೈಯಿಂದ ಇಳಿದ ಉಣ್ಣೆ ಸುತ್ತ ಹರಡಿರುತ್ತದೆ, ಸೌದೆಗೆ, ದರಕು (ಒಣಗಿದ ಎಲೆ) ಗುಡಿಸಲು ಹೋದವರಿಗೆ ಹತ್ತುತ್ತದೆ. ನಮ್ಮೂರ ಆಶಾ ಕಾರ್ಯಕರ್ತೆ ಜ್ವರ ಬಂದವರ ಮನೆ ಮನೆ ತಿರುಗುತ್ತಾರೆ. ಅವರ ಕೆಲಸವೇ ಫೋನಿನ ಮೇಲೆ ನಿಂತಿದೆ. ಕೂಡಲೇ ತಿಳಿಸಿ ಅನ್ನುತ್ತೀರಿ, ಯಾವುದರಲ್ಲಿ ತಿಳಿಸಲಿ ಅಂತ ಅವರು ನನ್ನ ಹತ್ತಿರ ಕೇಳಿದ್ದನ್ನು ಹಾಗೇ ನಿಮಗೆ ದಾಟಿಸುತ್ತಿದ್ದೇನೆ.

ದೂರು ಕೊಡಲಿಲ್ಲವಾ ಅಂತ ಕೇಳಬಹುದು. ಕೊಟ್ಟೆವು. ಫೋನ್ ಕಂಪನಿಯವರು ನಮ್ಮ ಟವರ್ ಸರಿ ಇದೆ, ಜೈಲಿನವರನ್ನು ಕೇಳಿ ಅಂದರು. ಜೈಲಿನಲ್ಲಿ ಕೇಳಿದರೆ ನಮ್ಮ ಯಂತ್ರ ಗೋಡೆಯೊಳಗೆ ಮಾತ್ರ ಕೆಲಸ ಮಾಡುತ್ತದೆ, ಕಂಪನಿಯವರನ್ನು ಕೇಳಿ ಅಂದರು. ತಾಲ್ಲೂಕಿನಲ್ಲಿ ಕೇಳಿದರೆ ಅದು ಭದ್ರತೆಯ ವಿಷಯ, ನಾವು ತಲೆ ಹಾಕುವಂತಿಲ್ಲ ಅಂದರು. ಮೂರೂ ಕಡೆ ಮರ್ಯಾದೆಯಿಂದಲೇ ಮಾತಾಡಿಸಿದರು, ಅದನ್ನೂ ಹೇಳಬೇಕು. ಆದರೆ ಯಾರೊಬ್ಬರೂ ಒಂದು ಮೀಟರ್ ಹಿಡಿದುಕೊಂಡು ಊರೊಳಗೆ ಬಂದು ನೋಡಲಿಲ್ಲ.

ರೇಡಿಯೋ ತರಂಗಕ್ಕೆ ಕಾಂಪೌಂಡ್ ಗೊತ್ತಿಲ್ಲ, ಸಾಹೇಬರೇ. ಗೋಡೆಯೊಳಗೆ ಮಾತ್ರ ಅನ್ನುವುದು ಗೋಡೆಯ ವಿಷಯದಲ್ಲಿ ಸರಿ. ಆಂಟೆನಾ ಗೋಡೆಗಿಂತ ಎತ್ತರದಲ್ಲಿದ್ದರೆ ಅದು ನೋಡುವುದು ನಮ್ಮ ಹೆಂಚುಗಳನ್ನೇ.

ಇದು ನಮ್ಮೂರಿನ ವಿಚಿತ್ರವೂ ಅಲ್ಲ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಸುತ್ತಮುತ್ತ ಇರುವವರೂ ಇದೇ ದೂರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿದೆ. ಅಲ್ಲಿಯವರಿಗೆ ಅಪಾರ್ಟ್‌ಮೆಂಟ್ ಸಂಘಗಳಿವೆ, ಟಿವಿಯವರು ಬೇಗ ಬರುತ್ತಾರೆ. ನಮ್ಮ ಹತ್ತಿರ ಡೇರಿಯ ಲೆಟರ್‌ಹೆಡ್ ಇದೆ. ಮೊದಲೇ ಮಲೆನಾಡಿನಲ್ಲಿ ನೆಟ್‌ವರ್ಕ್‌ಗಾಗಿ ಜನ ಸಾಕಷ್ಟು ಒದ್ದಾಡಿದ್ದಾರೆ. 2021ರಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಕೊಡೆ ಹಿಡಿದು ಗುಡ್ಡದ ಮೇಲೆ ಕೂತಿದ್ದರು. ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ ಅಂತ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಅಭಿಯಾನ ನಡೆದದ್ದು ಆಗಲೇ. ಅಷ್ಟೆಲ್ಲ ಕೂಗಾಡಿದ ಮೇಲೆ ಬಂದ ಒಂದು ಕಡ್ಡಿ ಸಿಗ್ನಲ್ ಇದು.

ಕಾನೂನು ಏನು ಹೇಳುತ್ತದೆ ಅಂತಲೂ ನೋಡಿದೆವು. ಈ ದೇಶದಲ್ಲಿ ಯಾರು ಬೇಕಾದರೂ ಜಾಮರ್ ಇಟ್ಟುಕೊಳ್ಳುವಂತಿಲ್ಲ. ಸರ್ಕಾರಿ ಇಲಾಖೆಗಳೂ ಕೇಂದ್ರ ಸಂಪುಟ ಸಚಿವಾಲಯದ ಅನುಮತಿ ತೆಗೆದುಕೊಳ್ಳಬೇಕು. 2022ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಇದನ್ನು ಮತ್ತೊಮ್ಮೆ ಸ್ಪಷ್ಟ ಮಾಡಿತು, ಕೇಂದ್ರ ಸರ್ಕಾರ ವಿಶೇಷವಾಗಿ ಅನುಮತಿ ಕೊಟ್ಟದ್ದನ್ನು ಬಿಟ್ಟು ಬೇರೆ ಜಾಮರ್ ಬಳಕೆ ಕಾನೂನುಬಾಹಿರ ಅಂತ. ಇಷ್ಟು ಬಿಗಿ ಯಾಕೆ? ಜಾಮರ್ ಅಂದರೆ ಬೇರೆಯವರ ಫೋನ್ ಕಿತ್ತುಕೊಳ್ಳುವ ಅಧಿಕಾರ. ನಿಮಗೆ ಆ ಅಧಿಕಾರ ಕೊಟ್ಟಿರುವುದು ಜೈಲಿನೊಳಗಿನ ಫೋನ್‌ಗಳ ಮೇಲೆ. ನಮ್ಮ ಆಶಾ ಕಾರ್ಯಕರ್ತೆಯ ಫೋನಿನ ಮೇಲೆ ಕೊಟ್ಟಿಲ್ಲ ಅಂತ ನಮ್ಮ ತಿಳುವಳಿಕೆ. ತಪ್ಪಿದ್ದರೆ ತಿದ್ದಿ.

ಇಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣದ ಮಾತು ಹೇಳಬೇಕು. 2023ರ ಫೆಬ್ರವರಿ 27ರಂದು ಅದರ ಉದ್ಘಾಟನೆ ಆಯಿತು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಇಳಿಯಿತು. ವಿಮಾನ ನಿಲ್ದಾಣದ ಪಕ್ಕ ಇರುವುದೂ ಸುಲಭ ಅಲ್ಲ. ಮನೆ ಎಷ್ಟು ಎತ್ತರ ಕಟ್ಟಬಹುದು ಅನ್ನುವುದಕ್ಕೆ ಮಿತಿ ಇದೆ. ಡ್ರೋನ್‌ನಲ್ಲಿ ಗದ್ದೆಗೆ ಔಷಧಿ ಹೊಡೆಯೋಣ ಅಂದರೆ ಅದಕ್ಕೂ ಮಿತಿ. ಆದರೆ ಒಂದು ವ್ಯತ್ಯಾಸ ನೋಡಿ. ಆ ಮಿತಿಗಳೆಲ್ಲ ಬರವಣಿಗೆಯಲ್ಲಿವೆ. ವಿಮಾನ ನಿಲ್ದಾಣಗಳ ಸುತ್ತ ಕಟ್ಟಡದ ಎತ್ತರಕ್ಕೆ 2015ರ ನಿಯಮಗಳಿವೆ, ಎಲ್ಲಿ ಎಷ್ಟು ಎತ್ತರ ಅಂತ ಬಣ್ಣ ಬಳಿದು ತೋರಿಸುವ ನಕ್ಷೆ ಮಾಡುತ್ತಾರೆ. ಡ್ರೋನ್‌ಗೆ 2021ರ ನಿಯಮಗಳಿವೆ. ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಗಿಂತ ಮೇಲೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಅದಕ್ಕಿಂತ ಹತ್ತಿರ ಇನ್ನೂ ಬಿಗಿ. ಒಪ್ಪುತ್ತೇವೋ ಬಿಡುತ್ತೇವೋ, ಗೆರೆ ಎಲ್ಲಿದೆ ಅಂತ ರೈತನಿಗೆ ಗೊತ್ತು. ಯಾರನ್ನು ಕೇಳಬೇಕು ಅಂತ ಗೊತ್ತು. ಆ ಗೆರೆ ನೋಡಿಕೊಂಡು ಮನೆ ಕಟ್ಟಬಹುದು, ಜಮೀನು ಕೊಳ್ಳಬಹುದು, ಕೊಳ್ಳದೆ ಇರಬಹುದು. ಜೈಲಿನ ಪಕ್ಕದವರಿಗೆ ಅಂಥ ಗೆರೆಯೇ ಇಲ್ಲ. ನಿಮ್ಮ ಜಾಮರ್ ಎಲ್ಲಿಗೆ ಮುಗಿಯುತ್ತದೆ ಅಂತ ನಿಮಗೆ ಗೊತ್ತಿದೆಯಾ? ನಮಗಂತೂ ಯಾರೂ ಹೇಳಿಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಭದ್ರತೆ ಅಂತ ಒಂದೇ ಸಾಲಿನ ಉತ್ತರ ಬರಬಹುದು. ನಮಗೆ ಜಾಮರ್ ಯಾವ ಮೂಲೆಯಲ್ಲಿದೆ, ಯಾವ ಮಾದರಿ, ಎಷ್ಟು ಪವರ್ ಅನ್ನುವುದು ಬೇಡವೇ ಬೇಡ. ಗೋಡೆಯ ಹೊರಗೆ ಅದು ಎಲ್ಲಿಯವರೆಗೆ ಬರುತ್ತಿದೆ ಅನ್ನುವುದು ಮಾತ್ರ ಬೇಕು. ಅದು ಗುಟ್ಟೂ ಅಲ್ಲ. ಒಂದು ಫೋನ್ ಹಿಡಿದು ರಸ್ತೆಯಲ್ಲಿ ನಡೆದರೆ ಯಾರಿಗೂ ಗೊತ್ತಾಗುತ್ತದೆ. ನಮ್ಮ ಹುಡುಗರು ಹಾಗೇ ನಡೆದು, ಎಲ್ಲಿ ಸಿಗ್ನಲ್ ಹೋಗುತ್ತದೆ, ಎಲ್ಲಿ ಮತ್ತೆ ಬರುತ್ತದೆ ಅಂತ ಗುರುತು ಹಾಕಿ ಒಂದು ನಕ್ಷೆ ಮಾಡಿದ್ದಾರೆ. ಸಿಗ್ನಲ್ ಇಲ್ಲದ ಗೆರೆಯ ಒಳಗೆ ಶಾಲೆ ಬಿದ್ದಿದೆ. ಡೇರಿ ಒಳಗೆ. ಅಂಗನವಾಡಿ ಒಳಗೆ. ನಿಮ್ಮ ಸಿಬ್ಬಂದಿಯ ಕ್ವಾರ್ಟರ್ಸ್ ಪೂರ್ತಿ ಒಳಗೆ. ವಾರ್ಡರ್‌ಗಳ ಮನೆಯವರು ಊರಿಗೆ ಫೋನ್ ಮಾಡಲು ನಮ್ಮ ಜೊತೆಗೇ ತಿರುವಿಗೆ ಬಂದು ನಿಲ್ಲುತ್ತಾರೆ. ಅವರು ಸಹಿ ಹಾಕುವಂತಿಲ್ಲ, ಪಾಪ. ಅವರ ಪರವಾಗಿಯೂ ಇದನ್ನು ಓದಿಕೊಳ್ಳಿ.

ಜೈಲಿನಲ್ಲಿರುವ ತಮ್ಮವರನ್ನು ನೋಡಲು ಬರುವವರದ್ದೂ ಒಂದು ಮಾತು. ಸಂದರ್ಶನದ ದಿನ ದೂರದೂರದಿಂದ ಹೆಂಗಸರು, ಮಕ್ಕಳು ಬಸ್ ಇಳಿದು ಬರುತ್ತಾರೆ. ದೇಶದ ಜೈಲುಗಳಲ್ಲಿ ಇರುವವರಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಜನ ವಿಚಾರಣಾಧೀನರು ಅಂತ 2022ರ ಸರ್ಕಾರಿ ಅಂಕಿಅಂಶವೇ ಹೇಳುತ್ತದೆ. ಅಂದರೆ ತಪ್ಪು ಮಾಡಿದ್ದಾರೆ ಅಂತ ಇನ್ನೂ ತೀರ್ಪು ಬರದವರ ಮನೆಯವರು ಇವರು. ಫೋನ್ ಒಳಗೆ ಬಿಡುವುದಿಲ್ಲ ಅಂತ ಗೂಡಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಇಟ್ಟು ಹೋಗುತ್ತಾರೆ. ಹೊರಗೆ ಬಂದ ಮೇಲೆ ವಕೀಲರಿಗೆ ಫೋನ್ ಮಾಡಬೇಕು, ಆಗುವುದಿಲ್ಲ. ಚಹಾ ಕುಡಿದು ಫೋನ್‌ಪೇ ಮಾಡೋಣ ಅಂದರೆ ಚಕ್ರ ತಿರುಗುತ್ತಲೇ ಇರುತ್ತದೆ. ಅಂಗಡಿಯವರು ಎಷ್ಟೋ ಸಲ ಹೋಗಲಿ ಬಿಡಮ್ಮ ಅಂದು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಕೂರಲು ಒಂದು ಸೂರೂ ಇಲ್ಲ, ಹಲಸಿನ ಮರದ ಕೆಳಗೆ ಮಳೆಯಲ್ಲಿ ನಿಂತಿರುತ್ತಾರೆ.

ಇನ್ನು ಗೋಡೆ ಆಚೆಗೆ ಎಸೆಯುವ ಪೊಟ್ಟಣಗಳ ವಿಷಯ. ಇದನ್ನು ಬರೆಯುವುದೋ ಬೇಡವೋ ಅಂತ ಊರಲ್ಲಿ ಚರ್ಚೆಯಾಯಿತು. ಬರೆಯುತ್ತೇನೆ. ಯಾರೋ ಹೊರಗಿನವರು ರಾತ್ರಿ ಬೈಕಿನಲ್ಲಿ ಬರುತ್ತಾರೆ. ಟೇಪ್ ಸುತ್ತಿದ ಉಂಡೆಯನ್ನು ಗೋಡೆಯಾಚೆ ಎಸೆಯುತ್ತಾರೆ. ಗುರಿ ತಪ್ಪಿದ್ದು ನಮ್ಮ ತೋಟದಲ್ಲಿ ಬೀಳುತ್ತದೆ. ಬೀಡಿಯೋ, ಗಾಂಜಾವೋ, ಸಿಮ್ಮೋ, ಬಿಚ್ಚಿ ನೋಡುವ ಧೈರ್ಯ ಯಾರಿಗಿದೆ? ಮೊದಮೊದಲು ತಂದು ಕೊಡುತ್ತಿದ್ದರು. ಕೊಟ್ಟವನನ್ನೇ ಕೂರಿಸಿಕೊಂಡು ಗಂಟೆಗಟ್ಟಲೆ ಪ್ರಶ್ನೆ ಕೇಳಿದ ಮೇಲೆ ಈಗ ಕಂಡರೂ ಕಾಣದ ಹಾಗೆ ಹೋಗುತ್ತಾರೆ. ವಿಚಾರಿಸುವುದು ತಪ್ಪಲ್ಲ. ಆದರೆ ಪ್ರಾಮಾಣಿಕವಾಗಿ ತಂದುಕೊಟ್ಟವನಿಗೆ ಶಿಕ್ಷೆ ಕೊಟ್ಟ ಹಾಗೆ ಆದರೆ ನಷ್ಟ ಯಾರಿಗೆ? ನಿಮಗೇ. ಪಕ್ಕದೂರಿನ ಕಣ್ಣು ಜೈಲಿಗೆ ದೊಡ್ಡ ಕಾವಲು, ಅದನ್ನು ಕಳೆದುಕೊಳ್ಳಬೇಡಿ. ಒಳಗೆ ಹೋಗುವ ಫೋನನ್ನು ಬಾಗಿಲಲ್ಲಿ, ಗೋಡೆಯಲ್ಲಿ ತಡೆದರೆ ಜಾಮರಿನ ಪವರ್ ಏರಿಸುವ ಅಗತ್ಯವೇ ಕಡಿಮೆಯಾಗುತ್ತದೆ. ಗೋಡೆಯ ಮೇಲೆ ಎತ್ತರಕ್ಕೆ ಬಲೆ ಕಟ್ಟುವುದು ಎಷ್ಟರ ಖರ್ಚು? ಗೇಟಿನಲ್ಲಿ ಎಲ್ಲರನ್ನೂ, ಸಿಬ್ಬಂದಿಯನ್ನೂ ಸೇರಿಸಿ, ಸರಿಯಾಗಿ ತಪಾಸಣೆ ಮಾಡುವುದಕ್ಕೆ ಯಾವ ತರಂಗವೂ ಬೇಕಿಲ್ಲ.

ಈಗ ನಮ್ಮ ಕೋರಿಕೆ. ಎಲ್ಲಕ್ಕಿಂತ ಮೊದಲು ಅಳೆಯಿರಿ. ನಿಮ್ಮ ತಾಂತ್ರಿಕ ಸಿಬ್ಬಂದಿ, ಫೋನ್ ಕಂಪನಿಗಳ ಇಂಜಿನಿಯರ್‌ಗಳು, ಗ್ರಾಮ ಪಂಚಾಯಿತಿಯವರು, ಊರಿನ ಇಬ್ಬರು, ಇಷ್ಟು ಜನ ಒಂದು ದಿನ ಒಟ್ಟಿಗೆ ನಡೆಯೋಣ. ಜಾಮರ್ ಹಾಕಿ ಒಂದು ಸಲ, ಆರಿಸಿ ಒಂದು ಸಲ. ಆರಿಸುವುದು ಆಗದು ಅಂದರೆ ಪವರ್ ಇಳಿಸಿ ಒಂದು ಸಲ. ದೂರಸಂಪರ್ಕ ಇಲಾಖೆಯವರನ್ನೂ ಕರೆಯಿರಿ, ಅವರ ಹತ್ತಿರ ಇದಕ್ಕೆ ಬೇಕಾದ ಉಪಕರಣ ಇದೆ. ಮೂವರು ಒಬ್ಬರ ಮೇಲೊಬ್ಬರು ಬೆರಳು ತೋರಿಸುವುದು ಆ ಒಂದು ದಿನದಲ್ಲಿ ನಿಂತು ಹೋಗುತ್ತದೆ. ಬಂದ ಫಲಿತಾಂಶವನ್ನು ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಹಾಕಿ.

ಅಳೆದ ಮೇಲೆ ತಿದ್ದಿ. ಎತ್ತರದಲ್ಲಿ ಒಂದು ದೊಡ್ಡ ಆಂಟೆನಾ ಇಡುವ ಬದಲು ಬ್ಯಾರಕ್‌ಗಳ ಹತ್ತಿರ ಕಡಿಮೆ ಪವರಿನ ಸಣ್ಣ ಸಣ್ಣವನ್ನು ಒಳಮುಖವಾಗಿ ಇಟ್ಟರೆ ಹೊರಗೆ ಸೋರುವುದು ಕಡಿಮೆ ಅಂತ ನಮ್ಮ ಹುಡುಗ ಹೇಳುತ್ತಾನೆ. ನಿಮ್ಮ ಇಂಜಿನಿಯರ್‌ಗಳು ಅವನಿಗಿಂತ ತಿಳಿದವರು. ಅನುಮತಿ ಇರುವ ನಂಬರ್‌ಗಳನ್ನು ಬಿಟ್ಟು ಬೇರೆ ಕರೆಗಳನ್ನು ಮಾತ್ರ ತಡೆಯುವ ಹೊಸ ಪದ್ಧತಿಯೂ ಬಂದಿದೆ ಅಂತ ಕೇಳಿದ್ದೇವೆ. ಅದನ್ನು ತಂದರೂ ಅಳೆಯದೆ ತರಬೇಡಿ, ಪರಪ್ಪನ ಅಗ್ರಹಾರದ ಸುತ್ತಲಿನವರ ಗೋಳು ಕಣ್ಣ ಮುಂದೆ ಇದೆ.

ಇದಕ್ಕೆಲ್ಲ ಮೇಲಿನಿಂದ ಅನುಮತಿ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂತ ಗೊತ್ತು. ಅಲ್ಲಿಯವರೆಗೆ ಮಾಡಬಹುದಾದ್ದು ಇದೆ. ನಿಮ್ಮ ಗೇಟಿನಲ್ಲಿ ಲ್ಯಾಂಡ್‌ಲೈನ್ ಇದೆ. ರಾತ್ರಿ ತುರ್ತು ಇದ್ದಾಗ ಊರಿನವರು ಬಂದರೆ 108ಕ್ಕೆ ಒಂದು ಫೋನ್ ಮಾಡಿಸಿ ಅಂತ ಗೇಟಿನವರಿಗೆ ಒಂದು ಲಿಖಿತ ಆದೇಶ ಕೊಡಿ. ಇದಕ್ಕೆ ಯಾರ ಅನುಮತಿಯೂ ಬೇಡ, ನಿಮ್ಮ ಸಹಿ ಸಾಕು. ಪಂಚಾಯಿತಿ ಕಟ್ಟಡದವರೆಗೆ ಬಂದು ನಿಂತಿರುವ ಫೈಬರ್ ಕೇಬಲ್ಲನ್ನು ಶಾಲೆ, ಡೇರಿ, ರೇಷನ್ ಅಂಗಡಿ, ಆಶಾ ಕಾರ್ಯಕರ್ತೆಯ ಮನೆಯವರೆಗೆ ಎಳೆಸಲು ನಿಮ್ಮ ಕಚೇರಿಯಿಂದ ಒಂದು ಶಿಫಾರಸು ಪತ್ರ ಬರೆದುಕೊಡಿ. ನಾವು ಕೇಳಿದರೆ ಕಡತ ಮಲಗುತ್ತದೆ. ಜೈಲಿನ ಜಾಮರಿನಿಂದ ತೊಂದರೆ ಇದೆ ಅಂತ ಜೈಲಿನವರೇ ಬರೆದರೆ ಏಳುತ್ತದೆ. ಯಂತ್ರದ ಪರೀಕ್ಷೆ, ಬದಲಾವಣೆ ಇದ್ದ ದಿನ ಡೇರಿಗೆ ಒಂದು ಚೀಟಿ ಕಳಿಸಿ, ನಾನು ಹಾಲು ಹಾಕಲು ಬಂದವರಿಗೆಲ್ಲ ಹೇಳುತ್ತೇನೆ. ತೋಟದಲ್ಲಿ ಸಿಕ್ಕ ಪೊಟ್ಟಣ ಕೊಡಲು ಪಂಚಾಯಿತಿ ಸದಸ್ಯರ ಎದುರಿಗೆ ಸಹಿ ಮಾಡಿ ಕೊಡುವ ಒಂದು ವ್ಯವಸ್ಥೆ ಮಾಡಿ. ಹಲಸಿನ ಮರದ ಹತ್ತಿರ ಸೂರು ಕಟ್ಟಲು ಜಾಗ ನಾವೇ ಬಿಡುತ್ತೇವೆ, ಶೀಟು ನೀವು ಹಾಕಿಸಿ.

ಮುಂದಿನ ಗ್ರಾಮಸಭೆಗೆ ನಿಮ್ಮನ್ನು ಕರೆಯಲು ಪಂಚಾಯಿತಿಯವರು ಒಪ್ಪಿದ್ದಾರೆ. ನೀವೇ ಬರಬೇಕು, ಪ್ರತಿನಿಧಿಯನ್ನು ಕಳಿಸಬೇಡಿ. ಊರಿನವರು ಸಿಟ್ಟಿನಲ್ಲಿದ್ದಾರೆ, ಆದರೆ ಮನೆ ಬಾಗಿಲಿಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವ ಪದ್ಧತಿ ಇಲ್ಲಿಲ್ಲ. ಬರಲು ಆಗದಿದ್ದರೆ ಅಳತೆಯ ದಿನವನ್ನಾದರೂ ಗೊತ್ತು ಮಾಡಿ ತಿಳಿಸಿ. ಬೆಳಗ್ಗೆ ಹಾಲಿನ ಗಾಡಿ ಹೋದ ಮೇಲೆ ನಾನು ಬಿಡುವಾಗಿರುತ್ತೇನೆ. ಕೊಯ್ಲು ಶುರುವಾಗುವ ಮೊದಲು ಆದರೆ ಊರಿನ ಗಂಡಸರೂ ಸಿಗುತ್ತಾರೆ. ನಕ್ಷೆಯ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ, ಇನ್ನೊಂದು ಡೇರಿಯ ಗೋಡೆಗೆ ಅಂಟಿಸಿದ್ದೇನೆ.

ಉತ್ತರವನ್ನು ಅಂಚೆಯಲ್ಲಿ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ,
ಜೈಲಿನ ಹಿಂಬದಿಯ ಊರಿನವರ ಪರವಾಗಿ